ಹಾದರದ ಮೊಕದ್ದಮೆ: ಸಾಕ್ಷಿ ಕೊಡಬೇಕಾದವರು ಯಾರು?

ಕಳೆದ ತಿಂಗಳು ಸಂಘದ ಸಭೆ ಮುಗಿದು, ಉಳಿತಾಯದ ಹಣ ಎಣಿಸಿ ಪುಸ್ತಕ ಮುಚ್ಚುವ ಹೊತ್ತಿಗೆ ಒಬ್ಬ ಸದಸ್ಯೆ ನನ್ನ ಪಕ್ಕ ಬಂದು ಕೂತಳು. "ಮೇಡಂ, ನಮ್ಮನೆಯವರು ಇನ್ನೊಬ್ಬಳ ಮನೇಲೇ ಇರ್ತಾರೆ. ಜೈಲಿಗೆ ಹಾಕಿಸೋಕಾಗಲ್ವಾ? ಆ ಕಾನೂನನ್ನ ಕೋರ್ಟಿನವರು ತೆಗೆದೇಬಿಟ್ರಂತೆ. ಗಂಡಸರಿಗೆ ಒಳ್ಳೇದೇ ಆಯ್ತು" ಎಂದಳು.

ತೆಗೆದದ್ದು ನಿಜ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಜೋಸೆಫ್ ಶೈನ್ ಮೊಕದ್ದಮೆಯಲ್ಲಿ ಭಾರತೀಯ ದಂಡ ಸಂಹಿತೆಯ 497ನೇ ಕಲಮನ್ನು ಒಮ್ಮತದಿಂದ ರದ್ದು ಮಾಡಿದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದಿಲ್ಲ. ಆದರೆ ಗೆಳತಿಯರೇ, ಆ ಕಲಮು ಇದ್ದಾಗಲೂ ಈ ಹೆಂಗಸಿಗೆ ಅದರಿಂದ ಕವಡೆ ಕಾಸಿನ ಉಪಯೋಗವಿರಲಿಲ್ಲ.

ಅದು ಹೆಂಡತಿಯರ ಕಣ್ಣೀರಿಗಾಗಿ ಮಾಡಿದ ಕಾನೂನಲ್ಲ. ಒಬ್ಬನ ಹೆಂಡತಿಯನ್ನು ಇನ್ನೊಬ್ಬ ಕೂಡಿದರೆ, ಆ ಇನ್ನೊಬ್ಬನ ಮೇಲೆ ಗಂಡ ದೂರು ಕೊಡಬಹುದಿತ್ತು; ಐದು ವರ್ಷದವರೆಗೆ ಸಜೆ. ಗಂಡ ವಿಧವೆಯನ್ನೋ ಮದುವೆಯಾಗದವಳನ್ನೋ ಇಟ್ಟುಕೊಂಡರೆ ಅದು ಅಪರಾಧವೇ ಅಲ್ಲ. ಹೆಂಡತಿಗೆ ದೂರು ಕೊಡುವ ಹಕ್ಕೇ ಇರಲಿಲ್ಲ. ಇನ್ನೂ ಸೋಜಿಗವೆಂದರೆ, ಗಂಡನ ಒಪ್ಪಿಗೆಯಿದ್ದರೆ ಅಪರಾಧವೂ ಇಲ್ಲ! ಹೊಲಕ್ಕೆ ದನ ನುಗ್ಗಿದರೆ ಹೊಲದೊಡೆಯ ಫಿರ್ಯಾದು ಕೊಡುತ್ತಾನಲ್ಲ, ಹಾಗೆ. ಹೊಲವನ್ನು ಯಾರು ಕೇಳುತ್ತಾರೆ? 1985ರಲ್ಲಿ ಸೌಮಿತ್ರಿ ವಿಷ್ಣು ಎಂಬ ಹೆಣ್ಣುಮಗಳು ಇದನ್ನೇ ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು ಕೇಳಿಸಿಕೊಳ್ಳಲಿಲ್ಲ.

ರುಜುವಾತೂ ಸುಲಭವಿರಲಿಲ್ಲ. ಮದುವೆ ಕ್ರಮಬದ್ಧವಾಗಿ ಆಗಿದೆ, ದೇಹ ಸಂಬಂಧ ನಡೆದಿದೆ, ಅವಳು ಪರರ ಹೆಂಡತಿಯೆಂದು ಅವನಿಗೆ ಗೊತ್ತಿತ್ತು, ಗಂಡನ ಒಪ್ಪಿಗೆಯಿರಲಿಲ್ಲ — ಇಷ್ಟೂ ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಬೇಕು. ಕಣ್ಣಾರೆ ಕಂಡ ಸಾಕ್ಷಿ ಎಲ್ಲಿಂದ ಬರಬೇಕು? ಆದ್ದರಿಂದ ಲಾಡ್ಜಿನ ರಿಜಿಸ್ಟರು, ಕಾಗದ ಪತ್ರ, ನೆರೆಮನೆಯವರ ಮಾತು. ಹೆಂಗಸು ಆ ಮೊಕದ್ದಮೆಯಲ್ಲಿ ಆರೋಪಿಯಲ್ಲ. ಆದರೂ ಕೋರ್ಟಿನಲ್ಲಿ ಹರಾಜಾಗುತ್ತಿದ್ದದ್ದು ಅವಳ ಮಾನ. ಅದು ಹೋದದ್ದಕ್ಕೆ ನನಗೇನೂ ವ್ಯಥೆಯಿಲ್ಲ.

ನನ್ನ ಚಿಂತೆ ಬೇರೆ. ಜೈಲಿನ ಕಾನೂನಿನಿಂದ ಹೊರಬಿದ್ದ ಆ ಪದ ಜೀವನಾಂಶದ ಕಾನೂನಿನಲ್ಲಿ ಭದ್ರವಾಗಿ ಕೂತಿದೆ. ಮೊದಲು 125ನೇ ಕಲಮು ಎನ್ನುತ್ತಿದ್ದೆವು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. ವ್ಯಭಿಚಾರದಲ್ಲಿ ಬಾಳುತ್ತಿರುವ ಹೆಂಡತಿಗೆ ಜೀವನಾಂಶವಿಲ್ಲ ಎಂದು ಅದರಲ್ಲಿದೆ. ವರದಕ್ಷಿಣೆಗಾಗಿ ಹೊಡೆದು ಹೊರಹಾಕಿದವನೂ ಅರ್ಜಿ ಬಿದ್ದ ಕೂಡಲೆ "ಅವಳ ನಡತೆ ಸರಿಯಿಲ್ಲ" ಎನ್ನುತ್ತಾನೆ. ಬಾಯಿ ಮಾತಿಗೆ ಖರ್ಚೇನು?

ಇಲ್ಲಿ ನಾವು ಬಿಗಿಯಾಗಿ ಹಿಡಿಯಬೇಕಾದದ್ದು ಒಂದಿದೆ. ಸಾಬೀತು ಮಾಡಬೇಕಾದವನು ಆರೋಪಿಸುವ ಗಂಡ. ತಾನು ಗರತಿಯೆಂದು ಅವಳು ಅಗ್ನಿಪ್ರವೇಶ ಮಾಡಬೇಕಿಲ್ಲ. ಎಂದೋ ಒಮ್ಮೆ ತಪ್ಪಿ ನಡೆದದ್ದು ಸಾಲದು, ಅಂಥ ಬಾಳು ಮುಂದುವರಿಯುತ್ತಿರಬೇಕು ಎಂದು ಹಲವು ಹೈಕೋರ್ಟುಗಳು ಹೇಳಿವೆ. ಯಾರದೋ ಸ್ಕೂಟರಿನಲ್ಲಿ ಕೂತದ್ದು, ಮೊಬೈಲಿಗೆ ಬಂದ ಕರೆ — ಇವು ಪುರಾವೆಯೇ? ಮಕ್ಕಳನ್ನು ಹಣದ ವಿಚಾರಕ್ಕೆ "ನನ್ನದಲ್ಲ" ಎನ್ನುವ ಗಂಡಸರನ್ನೂ ಕಂಡಿದ್ದೇನೆ. ದಾಂಪತ್ಯದಲ್ಲಿ ಹುಟ್ಟಿದ ಮಗು ಗಂಡನದೇ ಎಂಬುದು ಕಾನೂನು. ಆ ಕಾಲದಲ್ಲಿ ಇಬ್ಬರೂ ಕೂಡಲು ಅವಕಾಶವೇ ಇರಲಿಲ್ಲವೆಂದು ಅವನೇ ತೋರಿಸಬೇಕು.

ಇನ್ನು ನಮ್ಮ ಸದಸ್ಯೆಯ ಮಾತು. ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ಬೇರೆ ಇದ್ದುಕೊಂಡೇ ಜೀವನಾಂಶ ಕೇಳಲು ಅದೇ 144ನೇ ಕಲಮಿನಲ್ಲಿ ಅವಕಾಶವಿದೆ. ಅವಳು ಹಿಂದೂ ವಿವಾಹವಾದವಳು. ಬೇಕಾದರೆ ವಿಚ್ಛೇದನಕ್ಕೂ ಅದು ಕಾರಣ. ಅವನು ಆ ಇನ್ನೊಬ್ಬಳಿಗೆ ತಾಳಿ ಕಟ್ಟಿದ್ದರೆ ಏಳು ವರ್ಷದವರೆಗಿನ ಸಜೆಯ ಅಪರಾಧ. ಆದರೆ ಎರಡನೆಯ ಮದುವೆ ಶಾಸ್ತ್ರಬದ್ಧವಾಗಿ ನಡೆಯಿತೆಂದು ತೋರಿಸಬೇಕು, ಜೊತೆಯಲ್ಲಿದ್ದಾರೆಂದರೆ ಸಾಲದು.

ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡುವ ಕಾನೂನು ಸೇವಾ ಸಮಿತಿ ತಾಲ್ಲೂಕಿನಲ್ಲೇ ಇದೆ ಎಂದೆ. ಲಗ್ನಪತ್ರಿಕೆ, ಪಡಿತರ ಚೀಟಿ ಹುಡುಕಿಟ್ಟಿದ್ದಾಳೆ. ಸೋಮವಾರ ನಾನೂ ಜೊತೆಗೆ ಹೋಗುತ್ತಿದ್ದೇನೆ.