ನಿಯಮ ಬದಲಾಗಲಿ, ಆದರೆ ಮಕ್ಕಳಿಗೆ ಮೊದಲೇ ಹೇಳಲಿ

 

ಸಮಾಜ ವಿಜ್ಞಾನದ ಪಾಠದಲ್ಲಿ ನಮ್ಮ ದೇಶಕ್ಕೆ ವ್ಯಾಪಾರಕ್ಕೆ ಬಂದವರ ಹೆಸರುಗಳಿವೆ. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು, ಫ್ರೆಂಚರು ಎಲ್ಲ ಆದ ಮೇಲೆ ಡೇನರು ಅಂತ ಒಂದು ಸಾಲು ಬರುತ್ತದೆ. ಅವರು 1620ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿದರು. 1845ರಲ್ಲಿ ಅದನ್ನು ಇಂಗ್ಲಿಷರಿಗೆ ಮಾರಿದರು. "ಈ ಡೇನರು ಈಗ ಏನು ಮಾಡ್ತಿದ್ದಾರೆ ಸಾರ್?" ಅಂತ ನಾನು ಕೇಳಿದೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. "ಅವರ ದೇಶ ಡೆನ್ಮಾರ್ಕ್. ಅಲ್ಲಿ ಈಗಲೂ ರಾಜ ಇದ್ದಾನೆ. ಆದರೆ ಆಡಳಿತವೆಲ್ಲ ಪ್ರಧಾನ ಮಂತ್ರಿಯದು. ಅಲ್ಲಿ ಪಟ್ಟ ಯಾರಿಗೆ ಹೋಗುತ್ತೆ ಅನ್ನೋದನ್ನ ಓದಿ ಗೋಡೆ ಪತ್ರಿಕೆಗೆ ಬರಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಓದುವಾಗ ನನಗೆ ಒಂದು ವಿಷಯ ಆಶ್ಚರ್ಯವಾಯಿತು. ಆ ಮನೆತನದಲ್ಲಿ ನಿಯಮ ಬದಲಾದಾಗ ಲಾಭವಾದವರು, ನಷ್ಟವಾದವರು ಅಂತ ನೋಡಿದರೆ, ಅವರಲ್ಲಿ ಮೂವರಿಗೆ ಸರಿಯಾಗಿ ಹದಿಮೂರು ವರ್ಷ. ಅಂದರೆ ನಮ್ಮದೇ ವಯಸ್ಸು!

ಮೊದಲನೆಯ ಕಥೆ 1953ರದು. ಆಗ ಒಂಬತ್ತನೇ ಫ್ರೆಡರಿಕ್ ರಾಜ. ಅವನಿಗೆ ಮೂರು ಜನ ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಅಲ್ಲಿ ಹೆಣ್ಣಿಗೆ ಪಟ್ಟ ಇರಲಿಲ್ಲ. ಹಾಗಾಗಿ ರಾಜನ ತಮ್ಮ ಕ್ನೂಡ್, ಅವನ ನಂತರ ಕ್ನೂಡನ ಹಿರಿಯ ಮಗ ಇಂಗೋಲ್ಫ್ ರಾಜ ಆಗಬೇಕಿತ್ತು. ಆದರೆ ಆ ವರ್ಷ ಹೊಸ ಸಂವಿಧಾನ ಬಂತು. ಗಂಡುಮಕ್ಕಳು ಇಲ್ಲದಿದ್ದರೆ ಹೆಣ್ಣುಮಕ್ಕಳಿಗೂ ಪಟ್ಟ ಅಂತ ಆಯ್ತು. ಇದನ್ನು ರಾಜ ಒಬ್ಬನೇ ಕೂತು ಮಾಡಲಿಲ್ಲ. ಜನರೇ ಓಟು ಹಾಕಿದರು. ಓಟಿನ ಹಕ್ಕು ಇದ್ದವರಲ್ಲಿ ನೂರಕ್ಕೆ 45 ಜನ ಒಪ್ಪಲೇಬೇಕು ಅಂತ ಇತ್ತು. ಸ್ವಲ್ಪದರಲ್ಲಿ ಆ ಗೆರೆ ದಾಟಿತು.

ಆಗ ರಾಜನ ಹಿರಿಯ ಮಗಳು ಮಾರ್ಗರೆಥೆಗೆ ಹದಿಮೂರು ವರ್ಷ. ಚಿಕ್ಕಪ್ಪನ ಮಗ ಇಂಗೋಲ್ಫನಿಗೂ ಹದಿಮೂರು ವರ್ಷ. ಇಬ್ಬರಿಗೂ ಎರಡು ತಿಂಗಳು ಮಾತ್ರ ವ್ಯತ್ಯಾಸ. ಒಬ್ಬಳು ಮುಂದಿನ ರಾಣಿಯಾದಳು. ಒಬ್ಬನಿಗೆ ಮುಂದಿನ ಸಾಲಿನಲ್ಲಿದ್ದ ಜಾಗ ಹಿಂದಕ್ಕೆ ಹೋಯಿತು. ಮಾರ್ಗರೆಥೆ 1972ರ ಜನವರಿ 14ರಂದು ರಾಣಿಯಾಗಿ 52 ವರ್ಷ ಪಟ್ಟದಲ್ಲಿದ್ದರು. 2024ರಲ್ಲಿ ಅದೇ ಜನವರಿ 14ರಂದು ತಾವಾಗಿಯೇ ಮಗನಿಗೆ ಬಿಟ್ಟುಕೊಟ್ಟರು. ಇಂಗೋಲ್ಫ್ ಬೇಸಾಯ ಮಾಡಿದ. 1968ರಲ್ಲಿ ರಾಜನ ಒಪ್ಪಿಗೆ ಇಲ್ಲದೆ ಮದುವೆಯಾದದ್ದಕ್ಕೆ ರಾಜಕುಮಾರ ಅನ್ನೋ ಬಿರುದೂ ಹೋಗಿ ಕೌಂಟ್ ಆದ. ಕೌಂಟ್ ಅಂದರೆ ರಾಜಕುಮಾರನಿಗಿಂತ ಕೆಳಗಿನ ಒಂದು ಬಿರುದು.

ಇದನ್ನು ಓದಿದಾಗ ಮೊದಲು ನನಗೆ ತುಂಬಾ ಖುಷಿ ಆಯ್ತು. ಏಕೆಂದರೆ ನಮ್ಮ ಮನೆಯಲ್ಲಿ ನಾನೇ ಹಿರಿಯಳು, ತಮ್ಮ ನಾಲ್ಕನೇ ತರಗತಿ. ಆದರೂ ಅಜ್ಜಿ ಯಾವಾಗಲೂ "ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ" ಅಂತ ಹೇಳ್ತಿರುತ್ತೆ. ಡೆನ್ಮಾರ್ಕಿನವರು ಹಾಗೇ ಅಂದುಕೊಂಡಿದ್ದರೆ ಮಾರ್ಗರೆಥೆ ಆರತಿ ತಟ್ಟೆ ಹಿಡಿದುಕೊಂಡೇ ಇರಬೇಕಿತ್ತು, ಅಲ್ವಾ?

ಆದರೆ 1953ರ ನಿಯಮ ಅರ್ಧ ನ್ಯಾಯ ಮಾತ್ರ. ಅಕ್ಕ ಎಷ್ಟೇ ದೊಡ್ಡವಳಾದರೂ ತಮ್ಮ ಹುಟ್ಟಿದರೆ ಅವನೇ ಮುಂದೆ ಅಂತ ಇತ್ತು. 2009ರ ಜೂನ್ 7ರಂದು ಮತ್ತೆ ಜನ ಓಟು ಹಾಕಿ ಅದನ್ನೂ ತೆಗೆದರು. ಈಗ ಯಾರು ಮೊದಲು ಹುಟ್ಟಿದರೋ ಅವರು ಮುಂದೆ. ಗಂಡು ಹೆಣ್ಣು ಅಂತ ಇಲ್ಲ. ಈಗಿನ ರಾಜ ಹತ್ತನೇ ಫ್ರೆಡರಿಕ್‌ಗೆ ನಾಲ್ಕು ಮಕ್ಕಳು. ಕ್ರಿಶ್ಚಿಯನ್, ಇಸಬೆಲ್ಲಾ, ಆಮೇಲೆ ಅವಳಿಗಳಾದ ವಿನ್ಸೆಂಟ್ ಮತ್ತು ಜೋಸೆಫಿನ್. ಹಳೆಯ ನಿಯಮವಾಗಿದ್ದರೆ ಇಸಬೆಲ್ಲಾಳನ್ನು ಹಿಂದೆ ಹಾಕಿ ವಿನ್ಸೆಂಟ್ ಎರಡನೆಯವನಾಗುತ್ತಿದ್ದ. ಈಗ ಇಸಬೆಲ್ಲಾ ಎರಡನೆಯವಳು, ವಿನ್ಸೆಂಟ್ ಮೂರನೆಯವನು.

ಇಲ್ಲಿ ಗಮನಿಸಿ. 2009ರಲ್ಲಿ ಇಸಬೆಲ್ಲಾಗೆ ಎರಡು ವರ್ಷ. ವಿನ್ಸೆಂಟ್ ಇನ್ನೂ ಹುಟ್ಟೇ ಇರಲಿಲ್ಲ, ಅವನು ಹುಟ್ಟಿದ್ದು 2011ರಲ್ಲಿ. ಹಾಗಾಗಿ ಆ ಮನೆಯಲ್ಲಿ ಯಾವ ಮಗುವಿನ ಕೈಯಿಂದಲೂ ಏನನ್ನೂ ಕಿತ್ತುಕೊಂಡ ಹಾಗೆ ಆಗಲಿಲ್ಲ. ಚಿನ್ನಿದಾಂಡು ಆಡುವಾಗ ನಾವೂ ಆಟಕ್ಕೆ ಮುಂಚೆಯೇ ನಿಯಮ ಮಾತಾಡಿಕೊಳ್ಳುತ್ತೇವೆ. ಆಟದ ಮಧ್ಯೆ ಬದಲಾಯಿಸಿದರೆ ಜಗಳ ಗ್ಯಾರಂಟಿ!

ಆಟದ ಮಧ್ಯೆ ಬದಲಾಯಿಸಿದ ಹಾಗೆ ಆಗಿದ್ದು ಮೂರನೆಯ ಕಥೆ. ರಾಣಿ ಮಾರ್ಗರೆಥೆಯವರ ಕಿರಿಯ ಮಗ ಯೋವಾಕಿಮ್‌ಗೂ ನಾಲ್ಕು ಮಕ್ಕಳು. ಅವರೆಲ್ಲ ಹುಟ್ಟಿನಿಂದ ರಾಜಕುಮಾರ, ರಾಜಕುಮಾರಿ. 2022ರ ಸೆಪ್ಟೆಂಬರ್‌ನಲ್ಲಿ ರಾಣಿಯವರು, ಬರುವ ಜನವರಿ 1ರಿಂದ ಇವರಿಗೆ ಆ ಬಿರುದು ಇರುವುದಿಲ್ಲ, ಇನ್ನು ಮೇಲೆ ಕೌಂಟ್ ಮತ್ತು ಕೌಂಟೆಸ್ ಮಾತ್ರ ಅಂತ ಪ್ರಕಟಿಸಿದರು. ರಾಜಮನೆತನದ ಕಟ್ಟುಪಾಡು ಇಲ್ಲದೆ ಅವರು ತಮ್ಮ ಬದುಕು ತಾವೇ ರೂಪಿಸಿಕೊಳ್ಳಲಿ ಅನ್ನೋದು ಅವರ ಉದ್ದೇಶ. ಪಟ್ಟದ ಸಾಲಿನಲ್ಲಿ ಮಕ್ಕಳ ಜಾಗ ಹಾಗೇ ಉಳಿಯಿತು, ಹೆಸರಿನ ಮುಂದಿನ ಬಿರುದು ಮಾತ್ರ ಹೋಯಿತು. ಹೊಸ ವರ್ಷದ ದಿನ ಹೆನ್ರಿಕ್‌ಗೆ ಹದಿಮೂರು ವರ್ಷ. ತಂಗಿ ಅಥೀನಾಗೆ ಹತ್ತು. ಮಕ್ಕಳ ಅಪ್ಪ ಅಮ್ಮ ನೊಂದುಕೊಂಡು ಮಾತಾಡಿದರು. ಕೆಲವೇ ದಿನಗಳಲ್ಲಿ ರಾಣಿಯವರು ಇಷ್ಟು ನೋವಾಗುತ್ತದೆ ಅಂತ ತಾವು ಅಂದುಕೊಂಡಿರಲಿಲ್ಲ ಎಂದು ವಿಷಾದ ಹೇಳಿದರು. ಆದರೆ ತೀರ್ಮಾನ ಬದಲಾಯಿಸಲಿಲ್ಲ.

ನನ್ನ ಗೆಳತಿ ಹೇಳಿದಳು, "ಅರಮನೆ ಮಕ್ಕಳಿಗೆ ಏನೇ ಕಷ್ಟ? ಬಿರುದು ಹೋದರೆ ಊಟ ಹೋಗುತ್ತಾ?" ಊಟ ಹೋಗಲ್ಲ, ನಿಜ. ಬಿರುದು ಕಡಿಮೆ ಮಾಡಿದ್ದೂ ತಪ್ಪಲ್ಲ ಅಂತಲೇ ನನ್ನ ಅಭಿಪ್ರಾಯ. ಮೊಮ್ಮಕ್ಕಳೆಲ್ಲ ರಾಜಕುಮಾರರಾಗಿಯೇ ಇರಬೇಕಾಗಿಲ್ಲ. ಆದರೆ ಹದಿಮೂರು ವರ್ಷ ಒಂದು ಹೆಸರಿನಿಂದ ಕರೆದು ಒಂದು ದಿನ ಆ ಹೆಸರು ನಿನ್ನದಲ್ಲ ಅಂದರೆ ಯಾರಿಗಾದರೂ ಅಳು ಬರುತ್ತೆ. ಅವರು ಹುಟ್ಟುವ ಮೊದಲೇ ತೀರ್ಮಾನ ಮಾಡಿದ್ದರೆ ಯಾರೂ ಅಳಬೇಕಾಗಿರಲಿಲ್ಲ.

ಹಾಗಾದರೆ 1953ರಲ್ಲಿ ಇಂಗೋಲ್ಫನಿಗಾಗಿ ನಿಯಮ ಬದಲಾಯಿಸದೆ ಇರಬೇಕಿತ್ತಾ? ಇಲ್ಲ. ಬದಲಾಯಿಸಲೇಬೇಕಿತ್ತು. ಹೆಣ್ಣು ಅಂತ ಒಬ್ಬಳನ್ನು ಬಿಡುವುದು ತಪ್ಪೇ. ಅವನಿಗೆ ಬೇಜಾರಾಗುತ್ತೆ ಅಂತ ತಪ್ಪನ್ನು ಹಾಗೇ ಇಟ್ಟುಕೊಳ್ಳೋಕೆ ಆಗಲ್ಲ. ಆದರೆ ಆ ನ್ಯಾಯ ಇನ್ನೂ ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ ಇಂಗೋಲ್ಫ್ ಹುಟ್ಟಿದಾಗಲೇ ಎಲ್ಲರಿಗೂ ಗೊತ್ತಿರುತ್ತಿತ್ತು. ದೊಡ್ಡವರು ತಡ ಮಾಡಿದರೆ ಅದರ ನೋವು ಮಕ್ಕಳ ಪಾಲಿಗೆ ಬರುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ.

ಇದನ್ನು ಬರೆಯುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲೂ ಹೇಳಿದೆ. "ಮನೆ, ಹೊಲ ಅಂತ ಮಾತು ಬಂದಾಗ ಅಕ್ಕನಿಗೂ ತಮ್ಮನಿಗೂ ಸಮ ಅಂತ ಈಗಲೇ ಹೇಳಿಬಿಡಿ, ಅವನು ದೊಡ್ಡವನಾದ ಮೇಲೆ ಹೇಳಬೇಡಿ" ಅಂದೆ. ಅಜ್ಜಿ ಏನೂ ಮಾತಾಡಲಿಲ್ಲ. ಅಪ್ಪ "ಓದು, ನೋಡೋಣ" ಅಂದರು. ತಮ್ಮ ಮಾತ್ರ, "ಆಗಲಿ ಅಕ್ಕ, ಸೈಕಲ್ ಮಾತ್ರ ನಂದು" ಅಂದ. ಅವನಿಗೆ ಒಂಬತ್ತು ವರ್ಷ, ಅಳಲಿಲ್ಲ. ಮೊದಲೇ ಹೇಳಿದ್ದು ಒಳ್ಳೆಯದಾಯಿತು.

ಗೆಳೆಯರೇ, ನಿಮ್ಮ ಮನೆಯಲ್ಲಿ ಹೇಗೆ? ನೀವೂ ಬರೆದು ಇದರ ಪಕ್ಕದಲ್ಲಿ ಅಂಟಿಸಿ. ನನ್ನ ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ