ಚಿನ್ನ ಬಿಟ್ಟು ಕಲ್ಲು ನೋಡಿ
ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಉರಿಗಾಂ ಅಂದರೆ ಜನ ಈಗಲೂ ಚಿನ್ನದ ಮಾತೇ ಎತ್ತುತ್ತಾರೆ. 2001ರಲ್ಲಿ ಗಣಿ ಮುಚ್ಚಿದರೂ ಆ ಚಟ ಹೋಗಿಲ್ಲ. ಭೂವಿಜ್ಞಾನಿಗಳ ಕಣ್ಣು ಮಾತ್ರ ಕಪ್ಪು ಕಲ್ಲಿನ ಮೇಲೆ. ಕೆಜಿಎಫ್ ಸಮೀಪದ ಪೆದ್ದಪಲ್ಲಿಯ ಬಂಡೆಗಳು ಸುಮಾರು 270 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿ ಉಗುಳಿದಂಥವು; ಬೂದಿಯಲ್ಲಿ ಕಲ್ಲಿನ ಚೂರುಗಳು ಬೆಸೆದುಕೊಂಡಿವೆ, ನೀರಿನಡಿ ಹರಿದ ಲಾವಾ ದಿಂಬಿನಂತೆ ಉಬ್ಬಿ ಹೆಪ್ಪುಗಟ್ಟಿದೆ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ, ಆದರೆ ನೋಡಲು ಬರುವವರು ಯಾರು! ಲಾವಾ ಭೂಮಿಯಲ್ಲಷ್ಟೇ ಅಲ್ಲ: ಚಂದ್ರನ ಕಪ್ಪು ಕಲೆಗಳೂ ಲಾವಾವೇ, ಬಹುಪಾಲು ಪೆದ್ದಪಲ್ಲಿಯ ಕಲ್ಲಿಗಿಂತ ಹಳೆಯವು. ಅಲ್ಲಿ ಮಳೆಗಾಳಿಯಿಲ್ಲದ್ದರಿಂದ ಉಲ್ಕೆ ಬಿದ್ದ ಗುಂಡಿಗಳು ಉಳಿಯುತ್ತವೆ; ಅವನ್ನು ಎಣಿಸಿ ನೆಲದ ವಯಸ್ಸು ಅಂದಾಜು ಮಾಡುತ್ತಾರೆ. ಕೋಲಾರದ ಕಲ್ಲಾದರೋ ಕಾದು, ಮಡಿಚಿಕೊಂಡು, ಸವೆದಿದೆ; ಅಲ್ಲಿ ಹಾಗೆ ಗುಂಡಿ ಎಣಿಸುವಂತಿಲ್ಲ. ಅದರ ವಯಸ್ಸು ತಿಳಿಯಲು ಪ್ರಯೋಗಾಲಯದಲ್ಲಿ ಐಸೊಟೋಪುಗಳನ್ನೇ ಅಳೆಯಬೇಕು.