ನಮ್ಮ ಕಸ ನಮ್ಮ ವಾರ್ಡಿನಲ್ಲೇ ಇರಲಿ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಯ ನೆರೆಹೊರೆಯವರೇ, ಕಸದ ವಿಷಯಕ್ಕೆ ನಮ್ಮ ಕಡೆಯ ಜನ ಬೀದಿಗಿಳಿದದ್ದು ಯಾವಾಗ, ಏತಕ್ಕೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಲಿಂಗಧೀರನಹಳ್ಳಿಯಲ್ಲಿ, ಸುಬ್ಬರಾಯನಪಾಳ್ಯದಲ್ಲಿ ಕಸ ಸಂಸ್ಕರಣಾ ಘಟಕಗಳು ಬಂದಾಗ ಬನಶಂಕರಿ ಆರನೇ ಹಂತದಿಂದ ಕೆಂಗೇರಿಯವರೆಗೆ ಬಡಾವಣೆಯ ಜನ ಸಿಡಿದೆದ್ದರು. ಕಿಟಕಿ ತೆರೆಯುವಂತಿರಲಿಲ್ಲ, ಊಟಕ್ಕೆ ಕೂರುವಂತಿರಲಿಲ್ಲ, ಮಕ್ಕಳಿಗೆ ಕೆಮ್ಮು. ಆ ಸಿಟ್ಟು ಸುಳ್ಳಲ್ಲ. ಆದರೆ ಬೇಡಿಕೆ ಒಂದೇ ಒಂದು: ಇದನ್ನು ಇಲ್ಲಿಂದ ಎತ್ತಿ. ಎತ್ತಿ ಎಲ್ಲಿಡಬೇಕು ಎಂಬ ಪ್ರಶ್ನೆ ಎದ್ದಾಗ ನಾವೆಲ್ಲ ಮುಖ ಬೇರೆ ಕಡೆ ತಿರುಗಿಸಿದೆವು.

ನನ್ನ ತಕರಾರು ಇಷ್ಟೇ. ಕಸ ನಮ್ಮ ಮೂಗಿಗೆ ಬಡಿದಾಗ ಪರಿಸರ ಕಾನೂನು ನೆನಪಾಗುತ್ತದೆ, ಪಕ್ಕದ ಊರಿನ ಮೂಗಿಗೆ ಬಡಿದಾಗ ಮರೆತುಹೋಗುತ್ತದೆ. 2012ರಲ್ಲಿ ಮಾವಳ್ಳಿಪುರದ ಜನ ಇನ್ನು ಸಾಕು ಎಂದು ಲಾರಿ ತಡೆದರು. ನಗರದ ಮೂಲೆಮೂಲೆಯಲ್ಲಿ ರಾಶಿ ಬಿತ್ತು, ನಾವು ಪಾಲಿಕೆಯನ್ನು ಬೈದೆವು. ರಾಶಿ ಮಂಡೂರಿಗೆ ಹೋಯಿತು, ನಮಗೆ ನೆಮ್ಮದಿಯಾಯಿತು. ಮಂಡೂರಿನವರೂ ತಿರುಗಿಬಿದ್ದರು, 2014ರ ಡಿಸೆಂಬರಿನಿಂದ ಅಲ್ಲಿಗೂ ಕಸ ಹೋಗುವುದು ನಿಂತಿತು. ಆಮೇಲೆ ಕನ್ನಹಳ್ಳಿ, ಸೀಗೇಹಳ್ಳಿ, ದೊಡ್ಡಬಿದರಕಲ್ಲು, ಚಿಕ್ಕನಾಗಮಂಗಲ. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳು. ಹೆಸರು ಬದಲಾಗುತ್ತ ಹೋಯಿತು, ಲೆಕ್ಕ ಬದಲಾಗಲಿಲ್ಲ: ದನಕರು ಕಟ್ಟಿಕೊಂಡು, ರಾಗಿ ಬೆಳೆದುಕೊಂಡು, ಬೋರ್‌ವೆಲ್ ನೀರು ಕುಡಿದುಕೊಂಡು ಇರುವ ಯಾರದ್ದೋ ಊರು ನಮ್ಮ ತಿಪ್ಪೆ. ಇವುಗಳಲ್ಲಿ ಕನ್ನಹಳ್ಳಿ, ಸೀಗೇಹಳ್ಳಿ ನಮಗೆ ದೂರದ ಊರುಗಳೂ ಅಲ್ಲ. ಬಸವೇಶ್ವರನಗರದಿಂದ ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆ ದಾಟಿ ಹೋದರೆ ಸಿಗುವ ಊರುಗಳು. ಅಲ್ಲಿಯ ಜನ ಧರಣಿ ಕೂತಾಗ ನಮ್ಮ ಎಷ್ಟು ಕ್ಷೇಮಾಭಿವೃದ್ಧಿ ಸಂಘಗಳು ಜೊತೆಗೆ ಹೋಗಿ ಕೂತವು?

ಆ ಊರುಗಳ ಕಸದ ಘಟಕಗಳು ನಾರುವುದಕ್ಕೆ ಕಾರಣ ಅಲ್ಲಿಯ ಯಂತ್ರ ಮಾತ್ರವಲ್ಲ, ನಮ್ಮ ಅಡುಗೆಮನೆಯೂ ಹೌದು. ಬೆಳಿಗ್ಗೆ ಆಟೊ ಟಿಪ್ಪರ್‌ಗಳು ಕಾಂಪ್ಯಾಕ್ಟರಿಗೆ ಕಸ ತುಂಬುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕಟ್ಟಿದ ಕಪ್ಪು ಕವರೊಂದು ಬೀಳುತ್ತದೆ. ಕೆಲಸದ ಹೆಂಗಸು ಬರಿಗೈಯಲ್ಲೇ ಅದರ ಗಂಟು ಬಿಚ್ಚುತ್ತಾರೆ. ಒಳಗೆ ನಿನ್ನೆಯ ಅನ್ನ ಸಾರು, ಅದರ ಮೇಲೆ ಮಗುವಿನ ಡೈಪರ್, ಪೂಜೆಯ ಹೂವು, ಒಡೆದ ಟ್ಯೂಬ್‌ಲೈಟಿನ ಚೂರು. ಹಿಂದೆ ಹಾರ್ನ್ ಹೊಡೆಯುತ್ತಿರುವ ಸ್ಕೂಲ್ ವ್ಯಾನಿನವನ ಅವಸರಕ್ಕೆ ಎಲ್ಲವನ್ನೂ ವಿಂಗಡಿಸಲು ಆಗುವುದಿಲ್ಲ, ಇಡೀ ಗಂಟು ಒಳಗೆ ಹೋಗುತ್ತದೆ. ಲಾರಿಯ ಹಿಂಬದಿಯಿಂದ ಕಂದು ನೀರು ರಸ್ತೆಯುದ್ದಕ್ಕೂ ತೊಟ್ಟಿಕ್ಕುತ್ತ ಹೋಗುತ್ತದೆ. ಗೊಬ್ಬರವಾಗಲು ರಾಶಿಗೆ ಗಾಳಿಯಾಡಬೇಕು, ಆಗಾಗ ಮಗುಚಿ ಹಾಕಬೇಕು. ಹಸಿ ಕಸದ ನಡುವೆ ಪ್ಲಾಸ್ಟಿಕ್ ಹಾಳೆ ಸಿಕ್ಕಿಕೊಂಡರೆ ಗಾಳಿ ಒಳಹೋಗದು, ರಾಶಿ ಗೊಬ್ಬರವಾಗುವ ಬದಲು ಕೊಳೆಯುತ್ತದೆ. ನಮ್ಮ ಮನೆಯ ಆ ಗಂಟೇ ಸಂಜೆಗೆ ಕನ್ನಹಳ್ಳಿಯ ನಾತವಾಗುತ್ತದೆ.

ಇದನ್ನು ತಡೆಯಲು ಕಾನೂನಿಲ್ಲ ಎಂದು ಮಾತ್ರ ಹೇಳಬೇಡಿ. ಕಾನೂನು ಬೇಕಾದಷ್ಟಿದೆ. 2000ದಲ್ಲೇ ನಗರ ಘನತ್ಯಾಜ್ಯ ನಿಯಮ ಬಂತು. 2012ರಲ್ಲಿ ಕರ್ನಾಟಕ ಹೈಕೋರ್ಟು ಮನೆಯಲ್ಲೇ ಕಸ ವಿಂಗಡಿಸಬೇಕು ಎಂದಿತು. 2015ರ ಡಿಸೆಂಬರಿನಲ್ಲಿ ಎರಡು ಬಕೆಟ್ಟು ಒಂದು ಚೀಲ ಎಂದು ಬಿಡಿಸಿ ಹೇಳಿತು: ಹಸಿ ಕಸಕ್ಕೆ ಹಸಿರು, ಡೈಪರ್ ಪ್ಯಾಡಿಗೆ ಕೆಂಪು, ಒಣ ಕಸಕ್ಕೆ ಚೀಲ. 2016ರ ಮಾರ್ಚಿನಲ್ಲಿ ರಾಜ್ಯ ಪ್ಲಾಸ್ಟಿಕ್ ನಿಷೇಧಿಸಿತು, ಏಪ್ರಿಲಿನಲ್ಲಿ ಕೇಂದ್ರದ ಹೊಸ ನಿಯಮ ಬಂತು. 2025ರ ಏಪ್ರಿಲಿನಿಂದ ಆಸ್ತಿ ತೆರಿಗೆಯ ಜೊತೆಗೆ ಮನೆಗೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಕಸದ ಶುಲ್ಕವೂ ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆ. ನಮ್ಮದಕ್ಕೆ ಪಶ್ಚಿಮ ಪಾಲಿಕೆ ಎಂದು ಬೋರ್ಡೂ ಬಂತು. ಅಕ್ಟೋಬರಿನಲ್ಲಿ ರಸ್ತೆಗೆ ಕಸ ಎಸೆದವರ ಮನೆ ಮುಂದೆಯೇ ಕಸ ತಂದು ಸುರಿಯುವ ‘ಹಬ್ಬ’ವೂ ನಡೆಯಿತು. ಟಿವಿಯಲ್ಲಿ ನೋಡಿ ನಾವೆಲ್ಲ ನಕ್ಕೆವು. ಒಂದು ಮನೆಯ ಮುಂದೆ ಒಂದು ದಿನ ಒಂದು ಬುಟ್ಟಿ ಕಸ ಬಿದ್ದರೆ ರಾಜ್ಯದ ಸುದ್ದಿ. ಹಳ್ಳಿಯೊಂದರ ಮುಂದೆ ವರ್ಷಗಟ್ಟಲೆ ಲಾರಿ ಲಾರಿ ಬಿದ್ದರೆ ಅದು ನಗರಾಡಳಿತ.

ಇಷ್ಟು ಕಾನೂನಿದ್ದೂ ಕೇಳುವವರು ಯಾರು? ಪಾಲಿಕೆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅದಾಗಿ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಕಾರ್ಪೊರೇಟರ್ ಇಲ್ಲದ ನಗರದಲ್ಲಿ ನಿಯಮ ಜಾರಿಗೆ ಬರುವುದು ದೂರು ಬಂದಾಗ. ದೂರು ಕೊಡಲು ಪುರುಸೊತ್ತು, ಭಾಷೆ, ಪರಿಚಯ ಇರುವವರು ನಾವು. ನಾವು ಕೊಡುವ ದೂರೆಲ್ಲ ನಮ್ಮ ಗೇಟಿನ ಮುಂದಿನದು.

ಘನ ಕಸದ ಕಥೆ ಕಣ್ಣಿಗಾದರೂ ಕಾಣುತ್ತದೆ. ನೀರಿನದು ಅದಕ್ಕಿಂತ ಕೆಟ್ಟದ್ದು.

ಬಸವನಗುಡಿಯ ದೊಡ್ಡ ಬಸವನ ಪಾದದ ಬಳಿ ಹುಟ್ಟುತ್ತದೆ ಎಂದು ನಂಬಿಕೊಂಡು ಬಂದ ವೃಷಭಾವತಿಗೆ ಮಲ್ಲೇಶ್ವರ, ರಾಜಾಜಿನಗರ, ಪೀಣ್ಯದ ಕಡೆಯಿಂದಲೂ ಕವಲುಗಳು ಬಂದು ಸೇರುತ್ತವೆ. ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲಿ ಹಾದು, ನಾಯಂಡಹಳ್ಳಿ, ಕೆಂಗೇರಿ, ಬಿಡದಿ ದಾಟಿ ಬೈರಮಂಗಲದ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ. 2021ರ ಆಗಸ್ಟಿನಿಂದ ಕೆಂಗೇರಿಗೆ ಮೆಟ್ರೊ ಓಡುತ್ತಿದೆ. ಎಸಿ ಬೋಗಿಯ ಗಾಜಿನಿಂದ ಕೆಳಗೆ ಬಗ್ಗಿದರೆ ಕಾಣುವ ಆ ಕಪ್ಪು ನೀರೇ ಅದು. ಮಳೆಗಾಲದಲ್ಲಿ ಅದು ತನ್ನ ಜಾಗ ಕೇಳಲು ಬರುತ್ತದೆ. 2017ರ ಅಕ್ಟೋಬರಿನ ಮಳೆಯ ರಾತ್ರಿ ಕುರುಬರಹಳ್ಳಿಯ ರಾಜಕಾಲುವೆ ಉಕ್ಕಿ ಜನ ಕೊಚ್ಚಿಹೋದದ್ದು ನಮ್ಮ ಬಡಾವಣೆಯಲ್ಲೇ.

ಮನೆಗಳ ಕೊಳಚೆಗೆ ನಾಯಂಡಹಳ್ಳಿ, ಕೆಂಗೇರಿಯ ಬಳಿ ಜಲಮಂಡಳಿಯ ಶುದ್ಧೀಕರಣ ಘಟಕಗಳಿವೆ. ಅವು ಕೆಲಸ ಮಾಡುವುದು ಸೂಕ್ಷ್ಮಜೀವಿಗಳ ಬಲದಿಂದ. ಮಲಮೂತ್ರ, ಅನ್ನದ ತಿಳಿ ಅವುಗಳಿಗೆ ಆಹಾರ. ಕ್ರೋಮಿಯಂ, ನಿಕ್ಕಲ್ ಆಹಾರವಲ್ಲ, ವಿಷ. ಇಲ್ಲಿ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಪೀಣ್ಯದಲ್ಲಿ ಸಾಮಾನಿಗೆ ಈ ಲೋಹಗಳ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡುಗಳ ಬಗ್ಗೆ ಮಾತಾಡದೆ ಮುಂದೆ ಹೋಗುವಂತಿಲ್ಲ. ಆ ಕೆಲಸ ಬಲ್ಲವರಿಗೆ ಗೊತ್ತು: ಸಾಮಾನನ್ನು ಒಂದೊಂದು ತೊಟ್ಟಿಯಲ್ಲಿ ಅದ್ದಿ ತೆಗೆದಾಗಲೂ ತೊಳೆಯಬೇಕು, ಆ ತೊಳೆದ ನೀರಿನಲ್ಲಿ ಲೋಹ ಹೋಗುತ್ತದೆ. ಅದನ್ನು ಹಿಡಿಯುವ ವಿದ್ಯೆ ಹೊಸದೇನಲ್ಲ. ಹಳದಿ ಬಣ್ಣದ ಅಪಾಯದ ಕ್ರೋಮಿಯಂ ಅನ್ನು ಆಮ್ಲದಲ್ಲಿ ಮೆಟಾಬೈಸಲ್ಫೈಟ್ ಹಾಕಿ ಸೌಮ್ಯ ರೂಪಕ್ಕಿಳಿಸಬೇಕು, ಆಮೇಲೆ ಸುಣ್ಣ ಹಾಕಿ ತಳಕ್ಕೆ ಕೂರಿಸಬೇಕು. ತಳದಲ್ಲಿ ಉಳಿದ ಕೆಸರು ಡಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಗುಂಡಿಗೆ ಹೋಗಬೇಕು. ಪ್ರತಿ ಹೆಜ್ಜೆಗೂ ದುಡ್ಡು. ದೊಡ್ಡ ಕಾರ್ಖಾನೆಯ ಆರ್ಡರ್ ಹಿಡಿದು, ತುಂಡಿಗೆ ಇಷ್ಟು ಎಂದು ಚೌಕಾಸಿ ಮಾಡಿಸಿಕೊಂಡು, ಬಾಡಿಗೆ ಶೆಡ್ಡಿನಲ್ಲಿ ಆರೇಳು ಹುಡುಗರನ್ನು ಇಟ್ಟುಕೊಂಡು ಬದುಕುವವನಿಗೆ ರಾತ್ರಿಯ ರಾಜಕಾಲುವೆ ಅಗ್ಗ. ಎಲ್ಲರೂ ಹೀಗೆ ಮಾಡುತ್ತಾರೆಂದು ನಾನು ಹೇಳುತ್ತಿಲ್ಲ. ನಿಯಮ ಪಾಲಿಸುವವನು ಪಕ್ಕದ ಶೆಡ್ಡಿನವನೆದುರು ದರದಲ್ಲಿ ಸೋಲುವಂತೆ ಮಾಡಿದ್ದೇವಲ್ಲ, ಅದನ್ನು ಹೇಳುತ್ತಿದ್ದೇನೆ. ಅಗ್ಗದ ನಲ್ಲಿ, ಅಗ್ಗದ ಹಿಡಿಕೆ ಕೊಂಡ ನಾವೂ, ಇನ್ನೂ ಕಡಿಮೆ ಮಾಡು ಎಂದ ದೊಡ್ಡ ಕಂಪನಿಯವರೂ ಆ ಮೋರಿಯ ಪಾಲುದಾರರೇ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ 1974ರಿಂದ ಅಧಿಕಾರವಿದೆ. ಭೋಪಾಲದಲ್ಲಿ ಜನ ಸತ್ತ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು, ಅದರಲ್ಲಿ ಜೈಲಿನ ಭಯವಿತ್ತು. 2023ರ ಜನವಿಶ್ವಾಸ ಕಾಯ್ದೆ ಆ ಜೈಲನ್ನು ಬಹುಮಟ್ಟಿಗೆ ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿಯ ದಂಡ ಇಟ್ಟಿತು. ಉದ್ಯಮಕ್ಕೆ ಅನುಕೂಲ ಎಂದರು. ಇರಬಹುದು. ಆದರೆ ಕೋಟಿಗಟ್ಟಲೆ ವಹಿವಾಟಿನವನಿಗೆ 15 ಲಕ್ಷ ಎಂದರೆ ಖರ್ಚಿನ ಬಾಬ್ತು, ಅಷ್ಟೆ. ವೃಷಭಾವತಿಯ ಮಾಲಿನ್ಯದ ಮೊಕದ್ದಮೆಯಲ್ಲಿ ಹೈಕೋರ್ಟು ನಾಗಪುರದ ‘ನೀರಿ’ ಎಂಬ ಪರಿಸರ ಸಂಶೋಧನಾ ಸಂಸ್ಥೆಯನ್ನೇ ಕರೆಸಬೇಕಾಯಿತು. ಮಂಡಳಿ ಇದ್ದೂ, ಪಾಲಿಕೆ ಇದ್ದೂ, ಜಲಮಂಡಳಿ ಇದ್ದೂ!

ಈಗ ಬೈರಮಂಗಲಕ್ಕೆ ಬನ್ನಿ. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಜಲಾಶಯ. ಕುಡಿಯುತ್ತಿದ್ದರು, ಮೀನು ಹಿಡಿಯುತ್ತಿದ್ದರು, ಭತ್ತ ಬೆಳೆಯುತ್ತಿದ್ದರು. ನಮ್ಮ ಬಡಾವಣೆಗಳು ಬೆಳೆದಂತೆ ಆ ನೀರು ಕಪ್ಪಾಯಿತು, ತೂಬಿನಲ್ಲಿ ನೊರೆ ಎದ್ದಿತು. ಗದ್ದೆಗಿಳಿದರೆ ಕಾಲು ತುರಿಸುತ್ತದೆ ಎಂದು ರೈತರು ಹೇಳುತ್ತ ಬಂದಿದ್ದಾರೆ. ಭತ್ತ ಬಿಟ್ಟು ಬೇಬಿ ಕಾರ್ನ್, ಹಿಪ್ಪುನೇರಳೆ, ಸೀಮೆಹುಲ್ಲಿಗೆ ತಿರುಗಿದರು. ಸೀಮೆಹುಲ್ಲು ಹಸುವಿಗೆ, ಹಸುವಿನ ಹಾಲು ಡೇರಿಗೆ, ಡೇರಿಯದು ನಗರಕ್ಕೆ. ಹೀಗೆ ವಿಷ ನಮ್ಮ ಲೋಟಕ್ಕೇ ಬರುತ್ತದೆ ಎಂದು ಹೇಳಿ ನಿಮ್ಮನ್ನು ಹೆದರಿಸುವುದು ಸುಲಭ, ಎಷ್ಟೋ ಲೇಖನಗಳು ಅಲ್ಲಿಗೇ ಬಂದು ನಿಲ್ಲುತ್ತವೆ. ನನಗೆ ಆ ವಾದ ಬೇಡ. ಒಂದು ಹನಿಯೂ ನಮ್ಮ ಮನೆಗೆ ವಾಪಸ್ ಬರದಿದ್ದರೂ, ಬೈರಮಂಗಲದವರ ಕೆರೆಯನ್ನು ಕೇಳದೆ ನಮ್ಮ ಪಾಯಿಖಾನೆ ಮಾಡಿಕೊಂಡದ್ದು ಅನ್ಯಾಯ. ಕೆರೆ ಕೆಟ್ಟಿತು, ಭತ್ತ ಹೋಯಿತು. ಈಗ ಅದೇ ಸೀಮೆಯಲ್ಲಿ ಬಿಡದಿಯ ಹೊಸ ಉಪನಗರಕ್ಕೆ ನೆಲವೂ ಬೇಕಂತೆ. ಭೂಮಿ ಕೊಡುವುದಿಲ್ಲ ಎಂದು ರೈತರು ಧರಣಿ ಕೂತರು. ಅವರ ಜಾಗದಲ್ಲಿ ನಾವಿದ್ದರೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೆವೋ ಯೋಚಿಸಿ.

ದೂರದ ಊರಿನವರು ಹಾಗಿರಲಿ, ನಮ್ಮ ನಡುವೆಯೇ ಇದ್ದು ನಮ್ಮ ಕಸ ಎತ್ತುವವರ ಕಡೆಗೂ ನಾವು ಕಣ್ಣೆತ್ತಿ ನೋಡಿಲ್ಲ. ನಾಯಂಡಹಳ್ಳಿಯ ಗುಜರಿ ಮಂಡಿಗಳಲ್ಲಿ ನಗರದ ಪ್ಲಾಸ್ಟಿಕ್ಕನ್ನು ಬಣ್ಣ, ಜಾತಿ ಪ್ರಕಾರ ಆರಿಸಿ, ಪುಡಿ ಮಾಡಿ, ಮತ್ತೆ ಮಾಲು ಮಾಡುವವರಿದ್ದಾರೆ. ಕೈಯಲ್ಲಿ ಹಿಡಿದು ಮಡಚಿದ ಸದ್ದಿನಿಂದಲೇ ಇದು ಯಾವ ಪ್ಲಾಸ್ಟಿಕ್ ಎಂದು ಹೇಳಬಲ್ಲ ಹೆಂಗಸರಿದ್ದಾರೆ. 2011ರಲ್ಲಿ ಚಿಂದಿ ಆಯುವವರಿಗೆ ಬಿಬಿಎಂಪಿ ಗುರುತಿನ ಚೀಟಿ ಕೊಟ್ಟಿತು, ಹಸಿರು ದಳದಂಥ ಸಂಘಟನೆಗಳು ಅದಕ್ಕಾಗಿ ದುಡಿದವು. 2025ರ ಮೇ ತಿಂಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರ ಕೆಲಸ ಕಾಯಂ ಆಯಿತು. ಒಳ್ಳೆಯದೇ. ಆದರೆ ಕಸದ ಆಟೊದಲ್ಲಿ ಬರುವವರು ಗುತ್ತಿಗೆದಾರನ ಕೈಕೆಳಗೇ ಉಳಿದರು. ಅವರಿಗೆ ಗ್ಲೌಸ್ ಬಂತೇ, ಸಂಬಳ ಬಂತೇ ಎಂದು ನಮ್ಮ ಬೀದಿಯಲ್ಲಿ ಕೇಳುವವರು ಯಾರು? ಯುಗಾದಿಗೆ ಒಬ್ಬಟ್ಟು ಕೊಟ್ಟರೆ ಸಾಲದು.

ಆದ್ದರಿಂದ ಮುಂದಿನ ಸಲ ನಾವು ಬೀದಿಗಿಳಿಯುವುದಾದರೆ ಬೇಡಿಕೆ ತಿರುವುಮುರುವಾಗಿರಲಿ. ನಮ್ಮ ವಾರ್ಡಿನ ಹಸಿ ಕಸ ನಮ್ಮ ವಾರ್ಡಿನಲ್ಲೇ ಗೊಬ್ಬರವೋ ಗ್ಯಾಸೋ ಆಗಲಿ, ಘಟಕ ಇಲ್ಲೇ ಕಟ್ಟಿ ಎಂದು ಕೇಳೋಣ. ಹಿಂದೆ ಕಟ್ಟಿದ ಬಯೋಗ್ಯಾಸ್ ಘಟಕಗಳು ಹಲವು ಕೆಟ್ಟು ನಿಂತವು, ನಿಜ. ಬೆರಕೆ ಕಸ ಸುರಿದರೆ ಇನ್ನೇನಾಗುತ್ತದೆ? ಪಕ್ಕದಲ್ಲೇ ಘಟಕವಿದ್ದರೆ ಕವರಿನೊಳಗೆ ಡೈಪರ್ ಕಟ್ಟಿ ಹಾಕುವ ಕೈ ತಾನಾಗಿ ನಿಧಾನಿಸುತ್ತದೆ, ನಾತ ಬಂದ ದಿನವೇ ಎಂಜಿನಿಯರಿಗೆ ಫೋನು ಹೋಗುತ್ತದೆ. ನಮ್ಮ ಗಲಾಟೆ ಮಾಡುವ ಶಕ್ತಿ ಕೊನೆಗೂ ಒಂದು ಕೆಲಸಕ್ಕೆ ಬರುತ್ತದೆ. ಜಾಗವೆಲ್ಲಿದೆ ಎನ್ನುತ್ತೀರಿ. ಕನ್ನಹಳ್ಳಿಯವರನ್ನು ಯಾರಾದರೂ ಹಾಗೆ ಕೇಳಿದರೇ? ಉದ್ಯಾನಗಳ ಮೂಲೆಯಲ್ಲಿ ಎಲೆಗೊಬ್ಬರಕ್ಕೆ ಜಾಗವಿದೆ. ಮಾರುಕಟ್ಟೆ, ಕಲ್ಯಾಣ ಮಂಟಪ, ದೊಡ್ಡ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿದೆ. 5,000 ಚದರ ಮೀಟರಿಗಿಂತ ದೊಡ್ಡ ವಸತಿ ಸಮುಚ್ಚಯಗಳು ಸಾಧ್ಯವಾದ ಮಟ್ಟಿಗೆ ತಮ್ಮ ಹಸಿ ಕಸವನ್ನು ಒಳಗೇ ಸಂಸ್ಕರಿಸಬೇಕೆಂದು 2016ರ ನಿಯಮವೇ ಹೇಳಿತ್ತು. ನಿಮ್ಮ ಸಮುಚ್ಚಯದ ಯಂತ್ರ ಓಡುತ್ತಿದೆಯೋ, ತಪಾಸಣೆಯ ದಿನ ಮಾತ್ರ ಓಡುತ್ತದೋ, ಮುಂದಿನ ಸಭೆಯಲ್ಲಿ ಎದ್ದು ಕೇಳಿ.

ಪ್ಲೇಟಿಂಗ್ ಶೆಡ್ಡಿನ ಮಾಲೀಕರೇ, ನಿಮಗೂ ಒಂದು ಮಾತು. ಒಬ್ಬೊಬ್ಬರಿಗೆ ಘಟಕ ಹಾಕುವ ತ್ರಾಣವಿಲ್ಲ ಎಂದರೆ ನಂಬುತ್ತೇನೆ. ಹಾಗಿದ್ದರೆ ಬೀದಿಗೊಂದು ಸಾಮೂಹಿಕ ಘಟಕ ಬೇಕೆಂದು ನಿಮ್ಮ ಸಂಘದಿಂದಲೇ ಸರ್ಕಾರದ ಬಾಗಿಲು ಬಡಿಯಿರಿ, ಆ ಧರಣಿಯಲ್ಲಿ ನಾವೂ ಕೂರುತ್ತೇವೆ. ಘಟಕ ಬಂದ ಮೇಲೂ ರಾತ್ರಿ ಕಾಲುವೆಗೆ ಪೈಪು ಇಳಿಸಿದರೆ ದೂರು ಕೊಡುವವರೂ ನಾವೇ.

ಆ ದೂರು ಕೊಡುವುದನ್ನು ಈ ವಾರದಿಂದಲೇ ಶುರು ಮಾಡಬಹುದು. ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಭವನ ಇರುವುದು ಚರ್ಚ್ ಸ್ಟ್ರೀಟಿನಲ್ಲಿ, ವಿಜಯನಗರದಿಂದ ಮೆಟ್ರೊ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿದರೆ ನಡೆದು ಹೋಗುವಷ್ಟು ಹತ್ತಿರ. ಬರೆದುಕೊಂಡು ಹೋಗಿ: ಯಾವ ಕಾಲುವೆ, ಯಾವ ಸೇತುವೆಯ ಬಳಿ, ಎಷ್ಟು ಗಂಟೆಗೆ, ನೀರು ಯಾವ ಬಣ್ಣ, ಆವಿ ಏಳುತ್ತಿತ್ತೇ, ಕಣ್ಣು ಉರಿಯಿತೇ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಒಂದು ತಿಂಗಳ ಮೇಲೆ ಮಾಹಿತಿ ಹಕ್ಕಿನಲ್ಲಿ ಏನಾಯಿತೆಂದು ಕೇಳಿ. ದೂರಿನ ಒಂದು ಪ್ರತಿಯನ್ನು ಬೈರಮಂಗಲದ ಗ್ರಾಮ ಪಂಚಾಯಿತಿಗೂ ಕಳಿಸಿ. ತಮ್ಮ ಕೆರೆಯ ಮೇಲಿನ ದಂಡೆಯಲ್ಲಿ ಯಾರೋ ಮಾತಾಡಲು ಶುರು ಮಾಡಿದ್ದಾರೆಂದು ಅಲ್ಲಿಯವರಿಗೂ ತಿಳಿಯಲಿ.